ಕುಲ್ಸುಂ ಬಿಯ ಮುಗಿಯದ ರೋಜಾ

ಬಳೆ ತೊಡಿಸುವುದು ಕೈಯ ಕೆಲಸ ಎಂದುಕೊಂಡವರಿಗೆ ಬಳೆಯ ವಿಚಾರ ಏನೂ ಗೊತ್ತಿಲ್ಲ ಅಂತಲೇ ತಿಳಿಯಬೇಕು. ಅದು ಬಾಯಿಯ ಕೆಲಸ. ಎದುರಿಗೆ ಕೂತವಳ ಕೈ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಗೆಣ್ಣುಗಳನ್ನು ಒತ್ತಿ, ಗಾಜಿನ ಬಳೆ ಇನ್ನೇನು ಏರಬೇಕು ಅನ್ನುವ ಹೊತ್ತಿಗೆ ಅವಳ ಗಮನ ಕೈಯ ಮೇಲೆ ಇರಕೂಡದು. ಇದ್ದರೆ ಕೈ ಬಿಗಿಯುತ್ತದೆ. ಬಿಗಿದರೆ ಬಳೆ ಚಟ್ ಅನ್ನುತ್ತದೆ. ಅದಕ್ಕೇ ಬಳೆ ತೊಡಿಸುವವರು ಮಾತಾಡುತ್ತಲೇ ಇರಬೇಕು. ನಾದಿನಿಯ ಸುದ್ದಿಯೋ, ಪಕ್ಕದೂರಿನ ಮದುವೆಯಲ್ಲಿ ಅನ್ನ ಸಾಲದೆ ಹೋದ ಸುದ್ದಿಯೋ, ಯಾವುದಾದರೂ ಸರಿ. ಎದುರಿನವಳು ‘ಅಯ್ಯೋ, ದಿಟವಾ!’ ಅನ್ನಬೇಕು, ಅಷ್ಟರಲ್ಲಿ ಬಳೆ ಮುಂಗೈಗೆ ಬಂದು ಕೂತಿರಬೇಕು.

ಗುಂಡ್ಲುಪೇಟೆಯ ಕುಲ್ಸುಂ ಬಿ ಈ ಕೆಲಸದಲ್ಲಿ ಎತ್ತಿದ ಕೈ. ಬಳೆಯ ವ್ಯಾಪಾರ ಗಂಡ ಅಪ್ಸರ್ ಪಾಷಾನದು. ಅವನು ತೀರಿಕೊಂಡು ಎಂಟು ವರ್ಷವಾಗಿತ್ತು. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿದ ಮಾರನೆಯ ದಿನವೇ ಅವನ ಬಳೆಪೆಟ್ಟಿಗೆಯನ್ನು ತಲೆಗೇರಿಸಿಕೊಂಡು ಹಂಗಳದ ಬಸ್ಸು ಹತ್ತಿದವಳು ಅವಳು. ಮಕ್ಕಳಿರಲಿಲ್ಲ. ಮೈದುನ ರಿಯಾಜನ ಮನೆಯ ಹಿತ್ತಿಲ ಕೋಣೆಯಲ್ಲಿ ಒಂದು ಸ್ಟವ್ವು, ಒಂದು ಹಾಸಿಗೆ, ಗೋಡೆ ತುಂಬ ಬಳೆಯ ಸರ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ: ಬಳೆ ತೊಡಿಸಲು ಹಿಡಿಯುತ್ತಿದ್ದ ಹಳ್ಳಿ ಹೆಂಗಸರ ಕೈಗಳನ್ನು, ಆಗೀಗ ಮಡಿಲೇರುವ ಮೈದುನನ ಮಗುವನ್ನು ಬಿಟ್ಟರೆ, ಈ ಲೋಕದಲ್ಲಿ ಅವಳು ಮುಟ್ಟುವ ಜೀವ ಇನ್ನೊಂದಿರಲಿಲ್ಲ.

ಹಂಗಳದಲ್ಲಿ ಸೋಮಮ್ಮನ ಮನೆಯೆಂದರೆ ಅವಳಿಗೆ ತವರಿದ್ದಂತೆ. ಸೋಮಮ್ಮ, ಅವಳ ಗಂಡ ಮಾದಪ್ಪ, ಒಬ್ಬಳೇ ಮಗಳು ಲಕ್ಷ್ಮಿದೇವಿ. ಅರಿಸಿನ, ಚೆಂಡುಹೂವು ಬೆಳೆಯುವ ಕುಳ. ಲಕ್ಷ್ಮಿದೇವಿ ಹುಟ್ಟಿದಾಗ ಅವಳ ಎಳೆಗೈಗೆ ಕರಿಬಳೆ ಹಾಕಿದ್ದು ಆಗ ಹೊಸ ಮದುವಣಗಿತ್ತಿಯಾಗಿ ಗಂಡನ ಹಿಂದೆ ಬಂದಿದ್ದ ಕುಲ್ಸುಂ ಬಿ. ಮದುವೆಯ ಬಳೆ ತೊಡಿಸಿದ್ದೂ ಅವಳೇ. ಆವತ್ತು ಗಂಡಿನ ಕಡೆಯ ಮುದುಕಿಯೊಬ್ಬಳು, ‘ಗಂಡ ಸತ್ತೋಳ ಕೈಲಿ ಮದುವೆ ಬಳೆಯಾ?’ ಎಂದು ಮೂಗು ಮುರಿದಳು. ಸೋಮಮ್ಮ ಸುಮ್ಮನಿರುವ ಪೈಕಿಯಲ್ಲ. “ನಾವು ಒಂದ್ ಜೊತೆ ಬಳೆ ಇಕ್ಕೊಂಡು ಮುತ್ತೈದೆ ಅಂತೀವಿ. ಇವ್ಳ ತಲೆ ಮ್ಯಾಲೆ ನೂರು ಡಜನ್ ಅವೆ. ಇವ್ಳಿಗಿಂತ ಮುತ್ತೈದೆ ಯಾರವ್ವ?” ಎಂದಳು. ಆ ಮನೆಯ ಒಂದು ಪದ್ಧತಿಯೂ ಉಂಟು. ಶುಭಕಾರ್ಯಕ್ಕೆ ಬಳೆ ತೊಡಿಸಿದವರಿಗೇ ಮೊದಲ ಎಲೆ. ಅವರು ಉಂಡೆದ್ದ ಮೇಲೆಯೇ ಮಿಕ್ಕವರು. ಮದುವೆಯಲ್ಲಿ ಬೀಗರನ್ನು ಕಾಯಿಸಿ ಕುಲ್ಸುಂ ಬಿಗೆ ಮೊದಲು ಬಡಿಸಿದ್ದರು. ಆ ಎಲೆಯ ಮುಂದೆ ಅವಳು ಎಷ್ಟು ಹೊತ್ತು ಕೂತಿದ್ದಳು ಅಂತೀರಿ!

ಇಂಥವಳಿಗೆ ಬಾಯಿಯೇ ಕೈಕೊಟ್ಟಿತು.

ಮೊದಲು ಹಲ್ಲುಜ್ಜುವಾಗ ಒಂದಿಷ್ಟು ರಕ್ತ. ರಕ್ತ ಬಂದ ಕಡೆ ಉಜ್ಜಬಾರದು ಎಂದು ಅವಳೇ ತೀರ್ಮಾನ ಮಾಡಿಕೊಂಡಳು. ಗಾಯವನ್ನು ಯಾರಾದರೂ ಕೆರೆಯುತ್ತಾರೆಯೇ, ಅದು ಅವಳ ವಾದ. ಉಜ್ಜದ ಕಡೆ ಇನ್ನಷ್ಟು ರಕ್ತ ಬಂತು, ಅವಳು ಇನ್ನಷ್ಟು ಬಿಟ್ಟಳು. ನಾಲ್ಕು ವರ್ಷದಲ್ಲಿ ಉಪ್ಪು ಇದ್ದಿಲಪುಡಿ ಮುಟ್ಟುವ ಜಾಗ ಮುಂದಿನ ನಾಲ್ಕು ಹಲ್ಲಿಗೆ ಬಂದು ನಿಂತಿತ್ತು. ಮೇಲೆ ಎಲೆಯಡಿಕೆ, ಹೊಗೆಸೊಪ್ಪಿನ ಕಡ್ಡಿಪುಡಿ. ಒಸಡು ಕೆಂಪಗೆ ಊದಿಕೊಂಡು ಹಲ್ಲಿನಿಂದ ಬಿಟ್ಟುಕೊಂಡಿತು. ವಾಸನೆ ಶುರುವಾಯಿತು. ಆದರೆ ತನ್ನ ಬಾಯಿಯ ವಾಸನೆ ತನಗೆ ಗೊತ್ತಾಗುವುದಿಲ್ಲವಲ್ಲ! ಬೇರೆಯವರೇ ಹೇಳಬೇಕು.

ಹೇಳಿದ್ದು ರಿಯಾಜನ ಮಗಳು, ಐದು ವರ್ಷದ ಸಿಮ್ರಾನ್. ಮಡಿಲಲ್ಲಿ ಕೂತಿದ್ದ ಮಗು ಮೂಗು ಹಿಡಿದುಕೊಂಡು, ‘ಬಡೀಮಾ, ನಿನ್ನ ಬಾಯಿ ಗಬ್ಬು’ ಎಂದು ದೊಡ್ಡಮ್ಮನಿಗೆ ಉರ್ದುವಿನಲ್ಲಿ ಅಂದುಬಿಟ್ಟಿತು. ತಾಯಿ ಬುಶ್ರಾ ಓಡಿ ಬಂದು ಮಗುವಿನ ಕೆನ್ನೆಗೆ ಬಾರಿಸಿದಳು. ಅವಳು ಹೊಡೆಯದೆ ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಏಟು ಬಿದ್ದದ್ದರಿಂದ ಕುಲ್ಸುಂ ಬಿಗೆ ಎಲ್ಲವೂ ತಿಳಿದುಹೋಯಿತು: ಇದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುತ್ತಿಲ್ಲ. ಅಂದಿನಿಂದ ಸೆರಗು ಬಾಯಿಯ ಮೇಲೆ ಬಂತು. ಮಾತು ಕಡಿಮೆಯಾಯಿತು. ಹಂಗಳದ ಹೆಂಗಸರ ಕೈಗಳು ಬಿಗಿಯತೊಡಗಿದವು, ಬಳೆ ಒಡೆಯತೊಡಗಿದವು.

ಆ ವರ್ಷ, ಅಂದರೆ ಎರಡು ಸಾವಿರದ ಐದರಲ್ಲಿ, ದೀಪಾವಳಿಯೂ ಈದೂ ಒಂದೇ ವಾರದಲ್ಲಿ ಬಂದವು. ಅದಕ್ಕೆ ಮೊದಲಿನ ರಂಜಾನ್ ತಿಂಗಳು ಕುಲ್ಸುಂ ಬಿಗೆ ಎಷ್ಟು ಹಗುರವಾಗಿತ್ತೆಂದರೆ ಹೇಳತೀರದು. ರೋಜಾ ಅಂದರೆ ಹಗಲಿಡೀ ನೀರೂ ಮುಟ್ಟದ ಉಪವಾಸ; ಅದನ್ನು ಹಿಡಿದವರ ಬಾಯಿ ಎಲ್ಲರದೂ ಒಣಗಿರುತ್ತದೆ, ಎಲ್ಲರದೂ ವಾಸನೆಯೇ, ಅದನ್ನು ಹೇವರಿಸುವುದೇ ತಪ್ಪು. ಒಂದು ತಿಂಗಳು ಅವಳು ಎಲ್ಲರ ಪಕ್ಕದಲ್ಲಿ ಕೂತು ಎಲ್ಲರಂತೆ ಮಾತಾಡಿದಳು. ಈದ್ ಆದ ಮೇಲೆ ಇನ್ನೂ ಆರು ರೋಜಾ ಹಿಡಿಯುವ ವಾಡಿಕೆಯಿದೆ. ಅದನ್ನೂ ಹಿಡಿದಳು. ಆ ದಿನಗಳಲ್ಲೇ ಸೋಮಮ್ಮ ಕಾಫಿ ತಂದಾಗ, “ರೋಜಾ ಸೋಮಕ್ಕ, ಉಪಾಸ” ಎಂದಳು. “ಅಬ್ಬಬ್ಬ, ಇನ್ನೂವಾ?” ಎಂದು ಸೋಮಮ್ಮ ಲೋಟ ವಾಪಸು ಒಯ್ದಳು. ಆ ಆರು ದಿಟದ ಉಪವಾಸ. ಏಳನೆಯದು ಸುಳ್ಳು.

ಒಂದು ಸಲ ಬಾಯಿಗೆ ಬಂದ ಸುಳ್ಳು ಅಲ್ಲೇ ಮನೆ ಮಾಡಿಕೊಂಡಿತು. ವಾರಕ್ಕೆರಡು ಸಲ ಹಂಗಳಕ್ಕೆ ಬರುವುದು, ‘ಉಪಾಸ’ ಅನ್ನುವುದು. ಈಗ ಬಾಯಿ ವಾಸನೆ ಬಂದರೆ ಉಪವಾಸದ್ದು ಅಂದುಕೊಳ್ಳುತ್ತಾರೆ, ಅದು ಅವಳ ಯೋಚನೆ. ಅಲ್ಲ, ಈ ಹೆಂಗಸಿಗೆ ಬುದ್ಧಿ ಬೇಡವೇ? ಬಿಸಿಲಲ್ಲಿ ಊರೆಲ್ಲ ಅಲೆದು, ಕೇಳಿದರೆ ಚೊಂಬು ತುಂಬ ನೀರು ಕೊಡುವ ಮನೆಗಳ ಮುಂದೆ ಒಣ ಗಂಟಲಲ್ಲಿ ಕೂತು, ಕಡೆಗೆ ಊರಾಚೆಯ ಮೋರಿಕಟ್ಟೆಯ ಹಿಂದೆ, ರಸ್ತೆಗೆ ಬೆನ್ನು ತಿರುಗಿಸಿ, ಪೆಟ್ಟಿಗೆಯ ತಳದಿಂದ ಬನ್ನು ತೆಗೆದು ತಿನ್ನುವುದು. ಅಗಿಯುವಾಗ ಬನ್ನಿನ ಮೇಲೆ ರಕ್ತದ ಗುರುತು. ಬಂಡೀಪುರದ ಕಡೆಯಿಂದ ಬರುವ ಬಸ್ಸಿನವರು ಕಂಡಾರೆಂದು ಗಬಗಬ ನುಂಗುವುದು. ಯಾರಿಗೂ ಹೇಳುವ ಹಾಗಿಲ್ಲ, ಹೇಳುವುದಕ್ಕೆ ಯಾರೂ ಇಲ್ಲ.

ಕೆಲವೇ ವಾರಕ್ಕೆ ಹಂಗಳ ಬದಲಾದಂತೆ ಕಂಡಿತು. ಮೊದಲೆಲ್ಲ ಸೋಮಮ್ಮ ಅಡಿಗೆಮನೆಯಲ್ಲಿ ಒಲೆಯ ಪಕ್ಕಕ್ಕೇ ಚಾಪೆ ಹಾಕುತ್ತಿದ್ದಳು. ಈಗ ಚಾಪೆ ಜಗಲಿಗೆ ಬಂತು. ಹೆಂಗಸರು ಬಳೆ ತೊಟ್ಟ ಕೂಡಲೇ ಎದ್ದುಹೋಗುವರು, ಹರಟೆಗೆ ಕೂರರು. ಹತ್ತಿರ ಬಂದ ಮಕ್ಕಳನ್ನು, ‘ಬಳೆ ಅವ್ವನ್ನ ಮುಟ್ಬ್ಯಾಡಿ, ಆ ಕಡೆ ಓಗಿ’ ಎಂದು ಅಟ್ಟುವರು. ಕುಲ್ಸುಂ ಬಿ ನೋಡಿದಳು. ಗೊತ್ತಾಗಿಹೋಯಿತು ಇವರಿಗೂ, ಅಂದುಕೊಂಡಳು.

ಪುಷ್ಯ ಮಾಸದಲ್ಲಿ ಲಕ್ಷ್ಮಿದೇವಿ ತವರಿಗೆ ಬಂದಿದ್ದಳು. ಬಸುರಿಗೆ ಮೂರು ತಿಂಗಳು ತುಂಬಿ ನಾಲ್ಕಕ್ಕೆ ಬಿದ್ದಿತ್ತು. “ಕುಲ್ಸುಮತ್ತೆ!” ಎಂದು ಜಗಲಿಗೆ ಓಡಿ ಬಂದು ಎದುರಿಗೇ ಕೂತು ಕೈ ಚಾಚಿದಳು. ಕುಲ್ಸುಂ ಬಿಗೆ ಹಿಗ್ಗು ತಡೆಯಲಾಗಲಿಲ್ಲ. ಸೆರಗು ಸರಿದದ್ದನ್ನೂ ಮರೆತು, ಮುಖದ ಹತ್ತಿರ ಮುಖ ಇಟ್ಟು, “ಎಷ್ಟು ತಿಂಗ್ಳಮ್ಮಿ?” ಅಂದಳು ಅಷ್ಟೇ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಹಿತ್ತಿಲಿಗೆ ಓಡಿದಳು. ವಾಂತಿ ಮಾಡುವ ಸದ್ದು ಜಗಲಿಯವರೆಗೂ ಕೇಳಿಸಿತು. ಕುಲ್ಸುಂ ಬಿ ಕಾಯಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು, ಯಾರಿಗೂ ಹೇಳದೆ, ಮೋರಿಕಟ್ಟೆಯಲ್ಲೂ ನಿಲ್ಲದೆ ಬಸ್ಸು ಹತ್ತಿದಳು.

ಆ ದಾರಿಯುದ್ದಕ್ಕೂ ಅವಳು ನೆನೆದದ್ದು ಒಂದೇ. ಏಳನೇ ತಿಂಗಳಲ್ಲಿ ಸೀಮಂತ. ಹಸಿರು ಬಳೆ ತೊಡಿಸಬೇಕು. ಎಲೆಯಡಿಕೆ ಕೊಟ್ಟು ಕರೆದರೆ ಮಾತ್ರ ಬಳೆಯವರು ಹೋಗಬೇಕು, ಕರೆಯದೆ ಹೋಗುವ ಕ್ರಮವಿಲ್ಲ. ವಾಂತಿ ಬರಿಸುವವಳನ್ನು ಬಸುರಿಯ ಎದುರು ಯಾರು ಕೂರಿಸುತ್ತಾರೆ?

ಚಾಮರಾಜನಗರಕ್ಕೆ ಬಳೆ ತರಲು ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಗೋಡೆಯೊಂದರ ಮೇಲೆ ಅವಳು ಓದಿದ್ದ ಬರಹವಿತ್ತು: ‘ಒಸಡಿನಲ್ಲಿ ರಕ್ತವೇ? ಬಾಯಿಯ ದುರ್ವಾಸನೆಯೇ?’ ಗುಂಡ್ಲುಪೇಟೆಯಲ್ಲಿ ತೋರಿಸಿದರೆ ರಿಯಾಜನಿಗೆ ಗೊತ್ತಾಗುತ್ತದೆ, ಬುಶ್ರಾಳಿಗೆ ಗೊತ್ತಾಗುತ್ತದೆ. ಮುಂದಿನ ಸಲ ತೆರಕಣಾಂಬಿ ಮೇಲಿನ ಬಸ್ಸಿಗೆ ಬೆಳಿಗ್ಗೆಯೇ ಹೊರಟವಳು ಬಳೆ ಅಂಗಡಿಗೆ ಹೋಗದೆ ಆ ಗೋಡೆಯ ಕಟ್ಟಡದ ಮಹಡಿಯಲ್ಲಿದ್ದ ಹಲ್ಲಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು.

ಡಾಕ್ಟರ್ ನಾಗೇಂದ್ರ ಮೂವತ್ತೂ ಆಗಿರದ ಹುಡುಗ. ಕುರ್ಚಿಯಲ್ಲಿ ಕೂರಿಸಿ, “ಸೆರಗು ತೆಗೀರಿ ಅಮ್ಮ” ಅಂದ. ಅವಳು ತೆಗೆಯಲಿಲ್ಲ. “ಸಾರ್, ನೋಡೋದೇನೂ ಬ್ಯಾಡ. ಎಲ್ಲಾ ಕಿತ್ತಾಕ್ಬುಡಿ” ಅಂದಳು.

“ಕೀಳೋದು ಯಾವಾಗ ಬೇಕಾದ್ರೂ ಕೀಳಬಹುದು. ಮೊದಲು ಬಾಯಿ ತೆಗೀರಿ.”

ತೆಗೆದಳು. ಗೆರೆ ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ನೋಡುತ್ತಾ, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ನರ್ಸಿಗೆ, “ಐದು, ಆರು, ಆರು, ಏಳು” ಎಂದು ಹೇಳುತ್ತಾ ಹೋದ. ಮೂರು ಮಿಲಿಮೀಟರಿನೊಳಗಿದ್ದರೆ ಒಳ್ಳೆಯದಂತೆ. ಹಲ್ಲಿನ ಪಕ್ಕ ಒಸಡು ಜೇಬಿನ ಹಾಗೆ ಬಾಯಿ ಬಿಟ್ಟಿದೆ, ಆ ಜೇಬಿನೊಳಗೆ ಕೊಳೆ ಕಲ್ಲಾಗಿ ಕೂತಿದೆ, ಮೇಲೆ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಒಸಡಿನ ಅಡಿಗೆ ಇಳಿದು ಬೇರಿನ ಮೇಲಿಂದ ಕೆರೆದು ತೆಗೆಯಬೇಕು ಎಂದು ಕನ್ನಡಿ ಹಿಡಿದು ತೋರಿಸಿದ. ಅದಕ್ಕೆ ಡೀಪ್ ಕ್ಲೀನಿಂಗ್ ಅನ್ನುತ್ತಾರೆ. ಒಂದು ದಿನ ಬಲಗಡೆ ಮೇಲೆ ಕೆಳಗೆ, ಇನ್ನೊಂದು ದಿನ ಎಡಗಡೆ. ಮರಗಟ್ಟಿಸಿ ಮಾಡುವುದರಿಂದ ನೋವಿರುವುದಿಲ್ಲ. ಮೊದಲು ಎಕ್ಸ್‌ರೇ, ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ. ಕಡ್ಡಿಪುಡಿ ಇವತ್ತಿನಿಂದಲೇ ಬಿಡಬೇಕು.

“ಹಲ್ಲು ಸಡಿಲ ಆಗಲ್ವಾ ಸಾರ್? ಕ್ಲೀನ್ ಮಾಡ್ಸುದ್ರೆ ಅಲ್ಲಾಡ್ತವಂತೆ.”

“ಈಗಾಗಲೇ ಎರಡು ಅಲ್ಲಾಡ್ತಿವೆ. ಆ ಕಲ್ಲೇ ಹಿಡ್ಕೊಂಡಿದೆ ಅಂತ ನೀವು ಅಂದ್ಕೊಂಡಿದೀರಿ. ಅದೇ ಒಳಗಿಂದ ತಿಂತಿರೋದು.”

ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಕಾಣಲಿಲ್ಲ. ಮುಂದಿನ ವಾರ ಹೋದಾಗ ನರ್ಸು, “ತಿಂಡಿ ತಿಂದಿದೀರಾ?” ಎಂದು ಕೇಳಿದಳು. ಕುಲ್ಸುಂ ಬಿಯ ಬಾಯಿಂದ ಅಭ್ಯಾಸಬಲದಿಂದ ಬಂದುಬಿಟ್ಟಿತು: “ಉಪಾಸ.”

ನಾಗೇಂದ್ರ ಕೈಗವಸು ತೆಗೆದಿಟ್ಟ. “ಹಾಗಾದ್ರೆ ಇವತ್ತು ಆಗಲ್ಲ ಅಮ್ಮ. ಖಾಲಿ ಹೊಟ್ಟೇಲಿ ಇಂಜೆಕ್ಷನ್ ಕೊಟ್ಟರೆ ತಲೆ ಸುತ್ತುತ್ತೆ. ನೀರೂ ಬಾಯೊಳಗೆ ಹೋಗುತ್ತೆ, ನಿಮ್ಮ ರೋಜಾ ಕೆಡುತ್ತೆ. ಮುಗಿಸ್ಕೊಂಡು ಬನ್ನಿ. ಎಷ್ಟು ದಿನ ಇದೆ ಇನ್ನೂ?”

ಎಷ್ಟು ದಿನ ಇದೆ! ಅವಳು ಕುರ್ಚಿಯ ಕೈ ಹಿಡಿದು ಕೂತಳು. ಸುಳ್ಳು ಹಂಗಳದಿಂದ ಬಸ್ಸು ಹತ್ತಿ ಇಲ್ಲಿಗೂ ಬಂದಿದೆ. “ಉಪಾಸ ಇಲ್ಲ ಸಾರ್,” ಅಂದಳು ಕಡೆಗೆ. “ಸುಳ್ಳು ಅದು. ಇಡ್ಲಿ ತಿಂದು ಬಂದಿವ್ನಿ.” ಹುಡುಗ ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದಳು.

ಇಂಜೆಕ್ಷನ್ನು ಚುಚ್ಚುವಾಗ ಚುರ್ ಎಂದಿತು. ಐದು ನಿಮಿಷಕ್ಕೆ ಬಲಗೆನ್ನೆ, ಅರ್ಧ ನಾಲಿಗೆ ಯಾರದೋ ಆದವು. ಮೊದಲು ನೀರು ಚಿಮ್ಮುವ ಮಿಶಿನ್ನು ಕುಂಯ್ ಎಂದು ಹಲ್ಲಿನ ಬುಡಕ್ಕೆ ಇಳಿಯಿತು. ಆಮೇಲೆ ಕೊಕ್ಕೆಯಂಥ ಸಣ್ಣ ಸಲಕರಣೆಗಳು. ನೋವಿರಲಿಲ್ಲ, ಆದರೆ ಕೆರೆಯುವ ಸದ್ದು ತಲೆಬುರುಡೆಯೊಳಗೇ ಕೇಳುತ್ತಿತ್ತು. ನಡುನಡುವೆ ಉಗಿಯಲು ಹೇಳುವರು. ರಕ್ತದ ಜೊತೆ ಕಪ್ಪು ಚೂರುಗಳು ಬೀಳುವವು. ಒಡೆದ ಕರಿಬಳೆಯ ಚೂರಿನಷ್ಟೇ ಕಪ್ಪು.

ಒಂದು ಗಳಿಗೆ ಅವಳು ಕಣ್ಣು ತೆರೆದಳು. ನಾಗೇಂದ್ರನ ಮುಖ ಅವಳ ಬಾಯಿಂದ ಗೇಣು ದೂರದಲ್ಲಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ, ನಿಜ. ಆದರೂ ಎಷ್ಟು ಹತ್ತಿರ! ನಾಲ್ಕು ವರ್ಷದಿಂದ ಯಾರೂ ಇಷ್ಟು ಹತ್ತಿರ ಬಂದಿರಲಿಲ್ಲ. ಬಂದವರೂ ಮುಖ ತಿರುಗಿಸದೆ ಉಳಿದಿರಲಿಲ್ಲ. ಈ ಹುಡುಗ ತಿರುಗಿಸುತ್ತಿಲ್ಲ, ಬಗ್ಗಿ ಇನ್ನೂ ಒಳಕ್ಕೆ ನೋಡುತ್ತಿದ್ದಾನೆ. ಅವಳ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯಿತು.

“ನೋವಾ ಅಮ್ಮ? ಇನ್ನೊಂದು ಇಂಜೆಕ್ಷನ್ ಕೊಡ್ಲಾ?”

ಬೇಡವೆಂದು ತಲೆಯಾಡಿಸಿದಳು. ಮಾತಾಡುವಂತಿರಲಿಲ್ಲ, ಬಾಯಿ ತುಂಬ ಸಲಕರಣೆ.

ಮರಗಟ್ಟಿದ್ದು ಬಿಡುವವರೆಗೂ ಏನೂ ಅಗಿಯಬೇಡಿ, ಕೆನ್ನೆ ಕಚ್ಚಿಕೊಂಡೀರಿ ಎಂದರು. ಉಗುರು ಬೆಚ್ಚಗಿನ ಉಪ್ಪುನೀರು, ಎರಡು ವಾರಕ್ಕಾಗುವಷ್ಟು ಮುಕ್ಕಳಿಸುವ ಔಷಧಿಯ ಸೀಸೆ, ಮೆತ್ತನೆಯ ಬ್ರಷ್ಷು. ರಕ್ತ ಬಂದ ಕಡೆಯೇ ಉಜ್ಜಬೇಕು, ಬಿಡಬಾರದು. ಊತ ಇಳಿದಾಗ ಒಸಡು ಕುಗ್ಗುತ್ತದೆ, ಹಲ್ಲು ಉದ್ದ ಕಾಣುತ್ತದೆ, ಸಂದು ಕಾಣುತ್ತದೆ. ಬಿಸಿ, ತಣ್ಣಗೆ ಕುಡಿದರೆ ಕೆಲವು ವಾರ ಜುಮ್ ಅನ್ನುತ್ತದೆ. ಹೆದರಬೇಡಿ ಎಂದು ನಾಗೇಂದ್ರ ಮೊದಲೇ ಹೇಳಿದ್ದ. ಹೇಳಿದ್ದರೂ ಅವಳು ಹೆದರಿದಳು. ಮೂರನೇ ದಿನ ಕನ್ನಡಿಯಲ್ಲಿ ಬಲಗಡೆಯ ಹಲ್ಲುಗಳ ನಡುವೆ ಬೆಳಕು ಕಂಡಿತು. ನಾಲಿಗೆ ಸಂದಿಗೆ ಸಿಕ್ಕಿ ಸಿಕ್ಕಿ ಬರುತ್ತಿತ್ತು. ಹಾಳು ಮಾಡಿಬಿಟ್ಟ ಆ ಹುಡುಗ, ಎಂದು ಹಾಸಿಗೆಯ ಮೇಲೆ ಕೂತು ಅತ್ತಳು. ಎಡಗಡೆ ಮಾಡಿಸಬಾರದು ಎಂದು ತೀರ್ಮಾನಿಸಿ ಒಂದು ತಿಂಗಳು ಆ ಕಡೆ ತಲೆಹಾಕಲಿಲ್ಲ.

ಹಂಗಳಕ್ಕೂ ಹೋಗಲಿಲ್ಲ. ಅರ್ಧ ಬಾಯಿ ಇಟ್ಟುಕೊಂಡು ಹೇಗೆ ಹೋಗುವುದು? ಬೇರೆ ಊರುಗಳಲ್ಲಿ ಒಂದಿಷ್ಟು ಬಳೆ ಮಾರಿದಳು, ತುಟಿ ಬಿಚ್ಚದೆ. ಆದರೆ ಬಲಗಡೆ ಉಜ್ಜಿದರೆ ರಕ್ತ ಬರುವುದು ನಿಂತಿತ್ತು. ಒಂದು ಬೆಳಿಗ್ಗೆ ಸಿಮ್ರಾನ್ ಬಾಗಿಲಲ್ಲಿ ನಿಂತಿದ್ದಳು. ಕುಲ್ಸುಂ ಬಿ ಮಗುವನ್ನು ಕರೆದು, ಬಾಯಿ ತೆರೆದು, “ನೋಡು” ಅಂದಳು. ಮಗು ಮೊದಲು ಅಮ್ಮ ಎಲ್ಲಿದ್ದಾಳೆಂದು ಹಿಂದೆ ತಿರುಗಿ ನೋಡಿತು. ಆಮೇಲೆ ಮೂಸಿತು, ಒಂದು ಕಡೆ, ಇನ್ನೊಂದು ಕಡೆ. “ಈ ಕಡೆ ಚೆನ್ನಾಗಿದೆ, ಆ ಕಡೆ ಗಬ್ಬು” ಎಂದು ತೀರ್ಪು ಕೊಟ್ಟಿತು. ಕುಲ್ಸುಂ ಬಿ ಅವತ್ತೇ ಬಸ್ಸು ಹತ್ತಿದಳು. ನಾಗೇಂದ್ರ, “ಎಲ್ಲಿ ಹೋಗಿದ್ರಿ ಇಷ್ಟು ದಿನ?” ಎಂದು ಬೈದುಕೊಂಡೇ ಎಡಗಡೆ ಮುಗಿಸಿದ. ಆರು ವಾರ ಬಿಟ್ಟು ಬಂದು ತೋರಿಸಿ, ಆಮೇಲೆ ಮೂರು ಮೂರು ತಿಂಗಳಿಗೆ ಬರಬೇಕು, ಇದು ಒಂದು ಸಲಕ್ಕೆ ಮುಗಿಯುವ ಕಾಯಿಲೆಯಲ್ಲ ಎಂದ.

ಯುಗಾದಿ ಕಳೆಯಿತು. ಏಳನೇ ತಿಂಗಳಿಗೆ ಬಿತ್ತು ಎಂದು ಕುಲ್ಸುಂ ಬಿ ಬೆರಳು ಮಡಿಸಿ ನೋಡಿಕೊಂಡಳು. ಹಂಗಳದಿಂದ ಕರೆ ಬರಬೇಕು. ಮದುವೆಯ ಸಲ ಮಾದಪ್ಪ ಬಸ್ಸಿನ ಕಂಡಕ್ಟರ ಕೈಲಿ ಎಲೆಯಡಿಕೆ ಕಳಿಸಿದ್ದ. ದಿನಾ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಹಂಗಳದ ಬಸ್ಸು ಬರುವುದನ್ನೇ ನೋಡುತ್ತಾ ನಿಂತಳು. ಕಂಡಕ್ಟರು ಇಳಿದು ಟೀ ಕುಡಿಯಲು ಹೋಗುವನು. ಅವಳ ಕಡೆ ನೋಡಿದರೂ ಏನೂ ಹೇಳುವುದಿಲ್ಲ. ಎಂಟು ಸಂಜೆ ಹೀಗಾಯಿತು. ಬಾಯಿ ಚೊಕ್ಕಟವಾಗಿದೆ ಎಂದು ಅಷ್ಟು ದೂರದಲ್ಲಿರುವವರಿಗೆ ತಿಳಿಯುವುದಾದರೂ ಹೇಗೆ? ಒಂಬತ್ತನೇ ದಿನ ಕ್ರಮ, ಕಟ್ಟುಪಾಡು ಎಲ್ಲ ಪಕ್ಕಕ್ಕಿಟ್ಟು, ತಾನೇ ಆರಿಸಿ ಕಟ್ಟಿದ ಹಸಿರು ಗಾಜಿನ ಬಳೆಯ ಕಟ್ಟನ್ನು ಪೆಟ್ಟಿಗೆಯ ಮೇಲಿಟ್ಟುಕೊಂಡು ಹೊರಟಳು. ಸೆರಗು ಹೆಗಲ ಮೇಲೆಯೇ ಇತ್ತು.

ಸೋಮಮ್ಮನ ಅಂಗಳದಲ್ಲಿ ಬೇಯಿಸಿದ ಅರಿಸಿನ ಹರವಿತ್ತು. ಬಾಗಿಲಿಗೆ ಕಟ್ಟಿದ್ದ ಮಾವಿನ ಎಲೆ ಒಣಗಿತ್ತು. ಶುಭಕಾರ್ಯ ಆಗಿ ದಿನಗಳೇ ಕಳೆದಿವೆ ಎಂದು ಅದನ್ನು ನೋಡಿದಾಗಲೇ ಕುಲ್ಸುಂ ಬಿಗೆ ತಿಳಿಯಿತು. ಲಕ್ಷ್ಮಿದೇವಿ ಹೊಟ್ಟೆ ಹೊತ್ತುಕೊಂಡು ಹೊರಗೆ ಬಂದಳು. ಎರಡೂ ಮುಂಗೈ ತುಂಬ ಹಸಿರು ಬಳೆ. ಒಂದು ಬಳೆಗೂ ಜಾಗವಿರಲಿಲ್ಲ.

“ಯಾವಾಗ್ಲಮ್ಮಿ?” ಎಂದಳು ಕುಲ್ಸುಂ ಬಿ.

“ಓದ್ ಸುಕ್ರವಾರ ಕುಲ್ಸುಮತ್ತೆ. ಚಂದಕವಾಡಿಯಿಂದ ಬಳೆಗಾರ ಬಂದಿದ್ದ.”

ಸೋಮಮ್ಮ ಅಷ್ಟರಲ್ಲಿ ಬಂದಳು. ಮುಖ ಅರಳಿತು, ಕೂಡಲೇ ಬಾಡಿತು. “ಬಾ ಕುಲ್ಸುಂ. ಎಲ್ಲೋಗಿದ್ದೆ ಮೂರ್ ತಿಂಗ್ಳು?” ಎಂದು ಚಾಪೆ ತೆಗೆದು, ಹಿಂದಿನ ಸಲದಂತೆ ಜಗಲಿಯಲ್ಲಿ ಹಾಸಿದಳು.

ಕುಲ್ಸುಂ ಬಿ ಕೂರಲಿಲ್ಲ. ಎಷ್ಟೋ ದಿನ ಕಟ್ಟಿಟ್ಟಿದ್ದು ಒಡೆಯಿತು. “ನನ್ನ ಕರೀನಿಲ್ಲ ನೀನು. ನನ್ ಬಾಯಿ ನಾರ್ತದೆ ಅಂತ ತಾನೆ ಸೋಮಕ್ಕ? ಅದಕ್ಕೇ ತಾನೆ ಜಗ್ಲಿಗೆ ಆಕ್ದೆ? ಅದಕ್ಕೇ ತಾನೆ ಮಕ್ಕಳ್ನೂ ಅತ್ರ ಬುಡ್ನಿಲ್ಲ?”

ಸೋಮಮ್ಮ ಬೆಪ್ಪಾಗಿ ನೋಡಿದಳು. “ಏನ್ ಮಾತಂತ ಆಡೀಯೆ? ಉಪಾಸ ಇರೋಳ್ನ ಒಲೆ ಮುಂದೆ ಕುಂಡ್ರುಸ್ತಾರೇನೆ? ಒಗ್ಗರಣೆ ವಾಸ್ನೆ ಮೂಗ್ಗೆ ಬಡುದ್ರೆ ಒಟ್ಟೆ ಸುಮ್ಕಿದ್ದದಾ? ಅದಕ್ಕೇ ಕಣವ್ವ ಜಗ್ಲಿ. ಮಡೀಲಿ ಇರೋಳು ನೀನು, ಮಕ್ಕಳು ಮುಟ್ಟಿ ಮೈಲಿಗೆ ಮಾಡ್ಬಾರ್ದು ಅಂತ ಅವನ್ನ ಅಟ್ಟಿದ್ದು. ಜಾಸ್ತಿ ಮಾತಾಡುಸುದ್ರೆ ಬಾಯಿ ಒಣಗ್ತದೆ ಅಂತ ನಾನೇ ಎಲ್ಲಾ ಎಣ್ಮಕ್ಕಳ್ಗೂ ಯೋಳಿದ್ದೆ.”

“ಮತ್ತೆ ಸೀಮಂತಕ್ಕೆ?”

“ದೀವಳಿಗೆಯಿಂದ ಉಪಾಸ ಇವ್ನಿ ಅಂದೋಳು ನೀನು. ಅಪ್ಸರಣ್ಣನ ಎಸ್ರಲ್ಲಿ ಏನೋ ಅರಕೆ ಒತ್ತಿದ್ದೀಯ ಅಂತ ನಾವ್ ಅಂದ್ಕೊಂಡೊ. ನಮ್ ಮನೇಲಿ ಬಳೆ ಇಕ್ಕುದೋಳು ಮೊದ್ಲೆಲೇಲಿ ಉಣ್ಬೇಕು, ಗೊತ್ತು ತಾನೆ? ನಿನ್ನ ಕರುದ್ರೆ ಒಂದೋ ನಿನ್ ಅರಕೆ ಕೆಡ್ಬೇಕು, ಇಲ್ಲಾ ಬಸ್ರಿ ಮನೇಲಿ ನೀನು ಅಸ್ಕೊಂಡು ಎದ್ದೋಗ್ಬೇಕು. ಎರಡೂ ಆಗ್ನಿಲ್ಲ ನಂಗೆ. ಮೂರ್ ದಿನ ಕುಂತು ಯೋಚ್ನೆ ಮಾಡುದ್ನಿ ಕಣೆ. ಆಮ್ಯಾಕೆ ಆ ಚಂದಕವಾಡಿಯೋನ್ಗೆ ಯೋಳಿ ಕಳುಸ್ದೊ.”

“ವಾಸ್ನೆ?” ಎಂದಳು ಕುಲ್ಸುಂ ಬಿ ಸಣ್ಣ ದನಿಯಲ್ಲಿ. “ಲಕ್ಷ್ಮಿ ವಾಂತಿ ಮಾಡ್ಕೊಂಡ್ಳಲ್ಲ?”

“ಅಯ್ಯೋ ಕುಲ್ಸುಮತ್ತೆ, ಆಗ ನಂಗೆ ಸಾಸ್ವೆ ಸಿಡುದ್ರೂ ವಾಂತಿ, ಅಪ್ಪ ಅತ್ರ ಬಂದ್ರೂ ವಾಂತಿ” ಎಂದಳು ಲಕ್ಷ್ಮಿದೇವಿ.

“ನಾರ್ತಿತ್ತು, ಇಲ್ಲ ಅಂದೋರ್ಯಾರು?” ಎಂದಳು ಸೋಮಮ್ಮ. “ಮೂರ್ನಾಕು ವರ್ಸದಿಂದ ನಾರ್ತಿತ್ತು. ನಮ್ಮತ್ತೆ ಬಾಯಿ ಇದ್ಕಿಂತ ನಾರ್ತಿತ್ತು, ಅದ್ಕೇನು ಅವ್ರ ಮೂತಿಗೆ ಬೀಗ ಆಕುದ್ವಾ? ಉಣ್ಣಾಕಿಕ್ಕಿ, ಪಕ್ಕದಲ್ಲೇ ಮಲಗ್ತಿರ್ನಿಲ್ವಾ?”

ನಾಲ್ಕು ವರ್ಷ. ಗೊತ್ತಿದ್ದೂ ಒಲೆಯ ಪಕ್ಕ ಚಾಪೆ ಹಾಕಿದ್ದಳು ಈ ಹೆಂಗಸು. ವಾಸನೆ ಅಟ್ಟದ ಜಾಗದಿಂದ ತನ್ನನ್ನು ತಾನೇ ಅಟ್ಟಿಕೊಂಡಿದ್ದಳು ಕುಲ್ಸುಂ ಬಿ. “ಉಪಾಸ ಇರ್ನಿಲ್ಲ ಸೋಮಕ್ಕ,” ಎಂದಳು. “ಈದ್ ಆಗಿ ಆರ್ ದಿನ ಇದ್ದೆ, ಅಷ್ಟೇಯ. ಮಿಕ್ಕಿದ್ದೆಲ್ಲಾ ಸುಳ್ಳು. ಬಾಯಿ ವಾಸ್ನೆಗೆ ಒಂದು ನೆಪ ಬೇಕಿತ್ತು. ಆ ಮೋರಿಕಟ್ಟೆ ಹಿಂದೆ ಕುಂತು ಬನ್ನು ತಿಂತಿದ್ದೆ.”

ಸೋಮಮ್ಮನ ಮುಖ ಕಪ್ಪಿಟ್ಟಿತು. ಬಾಯಿ ವಾಸನೆಯನ್ನು ನಾಲ್ಕು ವರ್ಷ ಸಹಿಸಿದವಳಿಗೆ ಇದನ್ನು ಸಹಿಸಲಾಗಲಿಲ್ಲ. “ನನ್ ಮನೆ ಕಾಪಿ ಬ್ಯಾಡ ಅಂತ ಸುಳ್ಳೇಳಿ, ಊರಾಚೆ ಮೋರಿ ಮ್ಯಾಲೆ ಕುಂತು ಬನ್ನು ತಿಂದಾ?” ಎಂದಳು. ಸರಸರನೆ ಒಳಗೆ ಹೋದಳು.

ಹೋಗು ಎಂದಂತಾಯಿತು, ಎಂದು ಕುಲ್ಸುಂ ಬಿ ಪೆಟ್ಟಿಗೆಗೆ ಕೈ ಹಾಕಿದಳು. ಲಕ್ಷ್ಮಿದೇವಿ ಅವಳೆದುರು ಕಷ್ಟಪಟ್ಟು ಕೂತು ಕೈ ಚಾಚಿದಳು. “ನೋಡತ್ತೆ, ಆವಯ್ಯ ಇಕ್ಕುದ್ದು ಬಿಗಿ. ಒಂದ್ ಮಾತೂ ಆಡ್ನಿಲ್ಲ. ಎರಡು ಒಡೆದೋದೊ. ಅವ್ವ ಅತ್ಬುಟ್ಟ್ಲು.” ಕುಲ್ಸುಂ ಬಿ ಮುಂಗೈ ಹಿಡಿದಳು. ಬಳೆ ಒಂದು ಅಳತೆ ಚಿಕ್ಕದು. ಬಸುರಿಯ ಕೈ ಮುಂದೆ ಇನ್ನೂ ಊದುತ್ತದೆಂದು ಬಳೆಗಾರನಿಗೆ ತಿಳಿಯಬೇಡವೇ? ಹೆರಿಗೆಯವರೆಗೆ ಇವನ್ನು ತೆಗೆಯುವಂತಿಲ್ಲ, ಒಡೆಯುವಂತೆಯೂ ಇಲ್ಲ. ತನ್ನ ಹಸಿರು ಕಟ್ಟು ಪಕ್ಕದಲ್ಲೇ ಇತ್ತು, ಸರಿಯಾದ ಅಳತೆಯದು, ಇನ್ನು ಯಾರಿಗೂ ಬೇಕಿಲ್ಲದ್ದು. ಮಾಡುವುದೇನೂ ಇರಲಿಲ್ಲ. ಹುಡುಗಿಯ ಚರ್ಮ ಕೆಂಪಾಗಿದ್ದ ಕಡೆ ಹೆಬ್ಬೆರಳಿಂದ ಮೆಲ್ಲಗೆ ನೀವುತ್ತಾ ಕೂತಳು.

“ಕುಲ್ಸುಂ!” ಒಳಗಿಂದ ಸೋಮಮ್ಮನ ದನಿ ಬಂತು, ಜಗಳದ ದನಿ. “ಅಲ್ಲೇನ್ ಕುಂತಿದ್ದೀಯ? ಒಳೀಕೆ ಬಾ.”

ಚಾಪೆ ಒಲೆಯ ಪಕ್ಕದಲ್ಲಿತ್ತು. ಕೂತ ಕೂಡಲೇ ಸೋಮಮ್ಮ ಕಾಫಿ ಲೋಟವನ್ನು ಠಣ್ ಎಂದು ಮುಂದೆ ಕುಕ್ಕಿದಳು. ಕೊತಕೊತ ಕುದಿದ ಬೆಲ್ಲದ ಕಾಫಿ. “ಕುಡಿ” ಎಂದಳು.

ಕುಲ್ಸುಂ ಬಿ ಬಾಯಿಗಿಟ್ಟಳು. ಎಡಗಡೆಯ ಬೇರುಗಳಿಗೆ ಸೂಜಿ ನೆಟ್ಟಂತಾಗಿ ಕಣ್ಣಲ್ಲಿ ನೀರು ಬಂತು. ತುಟಿ ಕಚ್ಚಿ ಇನ್ನೊಂದು ಗುಟುಕು ನುಂಗಲು ಹೋದಳು.

“ಏನಾಯ್ತು?”

ಏನಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. “ಹಲ್ಲು ಜುಮ್ಮಂತದೆ ಸೋಮಕ್ಕ,” ಎಂದಳು. “ಬುಡ ಎಲ್ಲಾ ಕೆರ್ಸಿ ಬಂದಿವ್ನಿ. ಬಿಸಿ ತಡಿಯಾಕಾಗಲ್ಲ.”

“ಮುಂಚೇನೇ ಯೋಳಾಕೇನಾಗಿತ್ತು ನಿಂಗೆ?” ಸೋಮಮ್ಮ ಲೋಟ ಕಿತ್ತುಕೊಂಡಳು. ಇನ್ನೊಂದು ಲೋಟ ತಂದು, ಕಾಫಿಯನ್ನು ಎತ್ತರದಿಂದ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಸುರಿದು ಆರಿಸತೊಡಗಿದಳು. ಬೈಗುಳ ನಿಂತಿರಲಿಲ್ಲ. ಬಳೆಯಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಲ್ಸುಂ ಬಿ ಕಾದಳು. ಕೊಟ್ಟಾಗ ಒಂದು ಗುಟುಕು ಕುಡಿದು ನೋಡಿದಳು.

“ಇನ್ನೂ ಜುಮ್ಮಂತದೆ ಸೋಮಕ್ಕ.”

“ತತ್ತಾ ಇಲ್ಲಿ,” ಎಂದು ಸೋಮಮ್ಮ ಲೋಟವನ್ನು ಮತ್ತೆ ತೆಗೆದುಕೊಂಡಳು.